ಹೊರನಾಡಿನಲ್ಲಿ ಮೊದಲ ತುತ್ತು

ಮಲೆನಾಡಿನ ಯಾತ್ರಾಸ್ಥಳಗಳಲ್ಲಿ ಒಂದೊಂದಕ್ಕೆ ಒಂದೊಂದು ಬಗೆಯ ಪ್ರಸಿದ್ಧಿಯುಂಟು. ಶೃಂಗೇರಿಗೆ ಹೋಗುವ ಗೃಹಸ್ಥರು ಶಾರದಾಂಬೆಯ ಸನ್ನಿಧಿಯಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸವನ್ನು ಮಾಡಿಸುವರು. ಹೊರನಾಡಿಗೆ ಹೋಗುವವರು ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಹಸುಳೆಗಳಿಗೆ ಮೊದಲ ಅನ್ನವನ್ನು ಉಣಿಸುವರು. ಈ ಎರಡರಲ್ಲಿ ಯಾವುದು ಮೊದಲೆಂದು ಯಾರಾದರೂ ಕೇಳಿದರೆ, ಬಹುಕಾಲ ಅಕ್ಷರವನ್ನು ಕಲಿಸಿ ಹೊಟ್ಟೆ ಹೊರೆದುಕೊಂಡ ನಾವು ಸಹ ಅನ್ನವೇ ಮೊದಲೆಂದು ಹೇಳಬೇಕಾಗುವುದು. ಹಸಿದ ಹುಡುಗನ ಕಿವಿಗೆ ಶಬ್ದಮಂಜರಿಯು ಹತ್ತದೆಂಬುದು ನಮ್ಮ ಶಾಲೆಯ ದಿನಗಳಲ್ಲಿ ಅನೇಕ ಸಾರಿ ಕಂಡ ಮಾತು.

ಕಳೆದ ಮಾಘಮಾಸದಲ್ಲಿ ನಮ್ಮ ಮಗಳ ಮಗಳಿಗೆ ಅನ್ನಪ್ರಾಶನವನ್ನು ಹೊರನಾಡಿನಲ್ಲಿಯೇ ಮಾಡಿಸುವುದೆಂದು ನಿಶ್ಚಯವಾಯಿತು. ಮಗಳು, ಅಳಿಯ, ಕೂಸು, ನಮ್ಮ ಮನೆಯವರು ಮತ್ತು ನಾವು, ಹೀಗೆ ಐದು ಮಂದಿ ಕಾರ್ಕಳದಿಂದ ಬೆಳಗ್ಗೆ ಹೊರಟೆವು. ಬಜಗೋಳಿಯನ್ನು ದಾಟಿದ ಮೇಲೆ ದಾರಿಯು ಬಯಲನ್ನು ಬಿಟ್ಟು ಘಟ್ಟವನ್ನು ಹಿಡಿಯುವುದು. ಎರಡು ಕಡೆಗಳಲ್ಲಿಯೂ ಬಿಸಿಲು ನುಸುಳದ ಕಾಡು, ತಿರುವಿಗೊಂದು ಸಣ್ಣ ತೊರೆ, ಕೊರೆಯುವ ತಂಪು. ಇನ್ನೂ ಮೇಲಕ್ಕೆ ಹೋದಂತೆ ಮರಗಳು ಕಣಿವೆಗಳಿಗೆ ಇಳಿದು, ಬೋಳು ಬೆಟ್ಟಗಳ ಹಸುರು ಹುಲ್ಲು ಒಂದರ ಹಿಂದೊಂದಾಗಿ ತೆರೆಯುವುದು. ಇದು ಕುದುರೆಮುಖದ ಸೀಮೆ. ಇಲ್ಲಿಯ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವರು. ಮೊದಲಿಬ್ಬರು ಮೂಡಣದ ಬಯಲಿಗೂ, ಮೂರನೆಯವಳು ಪಡುವಣ ಕಡಲಿಗೂ ಹೋಗುವರು.

ಈ ಬೆಟ್ಟಗಳ ಹೊಟ್ಟೆಯಲ್ಲಿ ಕಬ್ಬಿಣದ ಅದಿರು ಹೇರಳವಾಗಿರುವುದು. ಅದನ್ನು ಅಗೆಯುವುದಕ್ಕಾಗಿ 1976ರಲ್ಲಿ ಸರ್ಕಾರದ ಕಂಪೆನಿಯೊಂದು ಸ್ಥಾಪಿತವಾಗಿ, ಅದಿರನ್ನು ಪುಡಿಮಾಡಿ ನೀರಿನೊಡನೆ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಇಳಿಸುತ್ತಿತ್ತು. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಗೆ ಆ ಕೆಲಸವು ನಿಂತುಹೋಯಿತು. ಈಗ ಅದು ರಾಷ್ಟ್ರೀಯ ಉದ್ಯಾನದ ಕಾಡು. ಕೆಲಸಗಾರರಿಗೆಂದು ಕಟ್ಟಿದ ಊರಿನ ಮನೆಗಳಲ್ಲಿ ಎಷ್ಟೋ ಮನೆಗಳ ಬಾಗಿಲುಗಳು ಮುಚ್ಚಿದ್ದುವು.

ನಮ್ಮ ಮಗಳು ಆ ಬೆಟ್ಟಗಳನ್ನು ನೋಡುತ್ತ, “ಅಪ್ಪಾ, ಇವಳಿಗೂ ಇನ್ನು ಮೇಲೆ ಕಬ್ಬಿಣ ಬೇಕೆಂದು ಡಾಕ್ಟರು ಹೇಳಿದ್ದಾರೆ” ಎಂದಳು. ಮಾತು ವಿನೋದದ್ದಾದರೂ ಅರ್ಥವು ದೊಡ್ಡದು. ಹೊತ್ತು ತುಂಬಿ ಹುಟ್ಟಿದ ಶಿಶುವು ತಾಯಿಯ ಗರ್ಭದಿಂದಲೇ ತನ್ನ ಪಾಲಿನ ಕಬ್ಬಿಣವನ್ನು ಬುತ್ತಿಯಂತೆ ಕಟ್ಟಿಕೊಂಡು ಬರುವುದು. ಆ ಬುತ್ತಿಯು ಸುಮಾರು ಆರು ತಿಂಗಳಲ್ಲಿ ಕರಗಿಹೋಗುವುದು. ತಾಯಿಯ ಹಾಲು ಅಮೃತಸಮಾನವಾದದ್ದೇನೋ ನಿಜ. ಆದರೆ ಅದರಲ್ಲಿ ಕಬ್ಬಿಣದಂಶವು ಸ್ವಲ್ಪವೇ. ಆದ್ದರಿಂದ ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ನೀರು ಕೂಡ ಬೇಡ. ತುಂಬಿದ ಮೇಲೆ ಎದೆಹಾಲಿನೊಡನೆ ಅನ್ನವೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ದೇಶದ ಮಕ್ಕಳ ವೈದ್ಯರೂ ಈ ಮಾತನ್ನೇ ಹೇಳುತ್ತಿರುವರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆಯಿದ್ದುದು ತಿಳಿದುಬಂದಿತು. ಬೆಟ್ಟದಿಂದ ಕಬ್ಬಿಣವನ್ನು ತೆಗೆದು ಕಡಲಾಚೆಗೆ ಕಳುಹಿಸಿದ ನಾಡಿನಲ್ಲಿ ಮಕ್ಕಳ ರಕ್ತಕ್ಕೆ ಕಬ್ಬಿಣವು ಸಾಲದಿರುವುದು ಯೋಚಿಸತಕ್ಕ ವಿಷಯವಲ್ಲವೆ?

ಸಂಸೆಯ ಚಹಾ ತೋಟಗಳನ್ನು ಹಾದು ಕಳಸವನ್ನು ಸೇರಿದಾಗ ಮಧ್ಯಾಹ್ನವಾಗಿತ್ತು. ಭದ್ರೆಯ ದಡದ ಈ ಊರಿನಲ್ಲಿ ಕಳಸೇಶ್ವರನ ಪ್ರಾಚೀನ ದೇವಾಲಯವಿರುವುದು. ಮೆಟ್ಟಿಲುಗಳನ್ನು ಹತ್ತಿ ದರ್ಶನಮಾಡಬೇಕು. ಸಮೀಪದ ಅಂಬುತೀರ್ಥದಲ್ಲಿ ಮಧ್ವಾಚಾರ್ಯರು ಎತ್ತಿಟ್ಟರೆಂದು ಹೇಳುವ ಬಂಡೆಯನ್ನು ನೋಡಿ ಹೊರಟೆವು. ಕಳಸದಿಂದ ಹೊರನಾಡಿಗೆ ಎಂಟು ಕಿಲೋಮೀಟರುಗಳಷ್ಟು ದಾರಿ. ನಡುವೆ ಭದ್ರೆಯನ್ನು ಹೆಬ್ಬಾಳೆಯ ಬಳಿ ದಾಟಬೇಕು. ಮಳೆಗಾಲದಲ್ಲಿ ಹೊಳೆ ಉಕ್ಕಿ ಇಲ್ಲಿಯ ಸೇತುವೆ ಮುಳುಗಿ, ಯಾತ್ರಿಕರು ಆಚೀಚೆ ನಿಂತ ಸುದ್ದಿಯನ್ನು ಹಲವು ವರ್ಷ ಪತ್ರಿಕೆಗಳಲ್ಲಿ ಓದಿದ್ದೆವು. ಮಾಘದಲ್ಲಿ ಅವಳು ಶಾಂತೆ. ಕಲ್ಲುಗಳ ನಡುವೆ ಮೆಲ್ಲನೆ ಹರಿಯುತ್ತಿದ್ದಳು.

ಹೊರನಾಡು ದೊಡ್ಡ ಊರಲ್ಲ. ಕಾಡು, ಕಾಫಿ, ಅಡಕೆ ಇವುಗಳ ನಡುವೆ ದೇವಾಲಯವೇ ಊರು. ಅನ್ನಪೂರ್ಣೇಶ್ವರಿಯ ಈಗಿನ ಮೂರ್ತಿಯು 1973ರಲ್ಲಿ ಪ್ರತಿಷ್ಠಿತವಾದುದು. ಶಂಖಚಕ್ರಗಳನ್ನು ಧರಿಸಿ ನಿಂತ ದೇವಿಯ ಮುಖವು ದೀಪದ ಬೆಳಕಿನಲ್ಲಿ ಹೊಳೆಯುವುದು. ಗಂಡಸರು ಅಂಗಿಯನ್ನು ತೆಗೆದು ಒಳಕ್ಕೆ ಹೋಗಬೇಕು. ಈ ಕ್ಷೇತ್ರದ ವಿಶೇಷವೆಂದರೆ ಊಟ. ಬಂದವರು ಯಾರೇ ಆಗಲಿ, ಜಾತಿಕುಲಗಳನ್ನು ಕೇಳದೆ, ಹಣವನ್ನು ಕೇಳದೆ, ಉಣಬಡಿಸುವರು. ನಾವು ಕುಳಿತ ಪಂಕ್ತಿಯಲ್ಲಿ ಒಂದು ಕಡೆ ತೋಟದ ಆಳು, ಮತ್ತೊಂದು ಕಡೆ ಪೇಟೆಯ ವಕೀಲರು. ಇಬ್ಬರಿಗೂ ಒಂದೇ ಸೌಟಿನ ಪಾಯಸ.

ಇಲ್ಲಿ ಅನ್ನಪ್ರಾಶನದ ಕಾಲವನ್ನು ಕುರಿತು ನಾವು ಓದಿದ್ದನ್ನು ನಾಲ್ಕು ಮಾತಿನಲ್ಲಿ ಹೇಳುವುದು ಅನುಚಿತವಾಗದು. ಆಶ್ವಲಾಯನ, ಪಾರಸ್ಕರ ಮೊದಲಾದ ಗೃಹ್ಯಸೂತ್ರಕಾರರು ಆರನೆಯ ತಿಂಗಳನ್ನು ವಿಧಿಸಿರುವರು, ಮನುಸ್ಮೃತಿಯೂ ಹಾಗೆಯೇ. ಬಳಕೆಯಲ್ಲಿ ಗಂಡುಮಗುವಿಗೆ ಆರು, ಎಂಟು ಮುಂತಾದ ಸಮಮಾಸಗಳನ್ನೂ, ಹೆಣ್ಣುಮಗುವಿಗೆ ಐದು, ಏಳು ಮುಂತಾದ ವಿಷಮಮಾಸಗಳನ್ನೂ ಹಿಡಿಯುವರು. ಮಕ್ಕಳ ಚಿಕಿತ್ಸೆಗೆ ಮೀಸಲಾದ ಕಾಶ್ಯಪಸಂಹಿತೆಯು ಆರನೆಯ ತಿಂಗಳಲ್ಲಿ ಹಣ್ಣನ್ನೂ ಅನಂತರ ಹಲ್ಲು ಮೂಡಿದ ಮೇಲೆ ಅನ್ನವನ್ನೂ ಹೇಳುವುದು. ಇವುಗಳಲ್ಲಿ ಲೆಕ್ಕದ ಒಂದು ಸೂಕ್ಷ್ಮವುಂಟು. ‘ಏಳನೆಯ ತಿಂಗಳು’ ಎಂದರೆ ಏಳು ತುಂಬಿದ್ದೆಂದಲ್ಲ, ಏಳು ನಡೆಯುತ್ತಿರುವುದೆಂದು. ಎಂದರೆ ಆರು ತಿಂಗಳು ತುಂಬಿ ಏಳರಲ್ಲಿ ಕಾಲಿಟ್ಟ ಕೂಸು. ನಮ್ಮ ಮೊಮ್ಮಗಳ ವಯಸ್ಸು ಸರಿಯಾಗಿ ಅದೇ. ಪುರೋಹಿತರ ಲೆಕ್ಕವೂ ಡಾಕ್ಟರ ಲೆಕ್ಕವೂ ಅವಳ ವಿಷಯದಲ್ಲಿ ಒಂದಾದುದನ್ನು ಕಂಡು ನಮಗೆ ಸಂತೋಷವಾಯಿತು. ಗಂಡುಮಗುವಿಗೆ ಎಂಟನೆಯ ತಿಂಗಳ ಮುಹೂರ್ತವನ್ನು ಇಡುವ ಮನೆಗಳಲ್ಲಿ ಮಾತ್ರ, ಆರು ತುಂಬಿದ ದಿನದಿಂದ ಮುಹೂರ್ತದವರೆಗೆ ಮಗುವನ್ನು ಬರಿಯ ಹಾಲಿನಲ್ಲಿಯೇ ಇರಿಸುವ ಅಪಾಯವುಂಟು.

ಈ ಅಪಾಯವನ್ನು ನಾವು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಆ ದಿನ ಸಂಜೆ ನಾವು ಇಳಿದುಕೊಂಡ ವಸತಿಗೃಹದ ಜಗಲಿಯಲ್ಲಿ ಕೊಪ್ಪದ ಕಡೆಯ ಒಂದು ಕುಟುಂಬವಿತ್ತು: ವಯಸ್ಸಾದ ತಾಯಿ, ಮಗ, ಸೊಸೆ, ಸೊಸೆಯ ತೊಡೆಯ ಮೇಲೊಂದು ಗಂಡುಕೂಸು. ಕೂಸಿನ ಕಣ್ಣು ದೊಡ್ಡದು, ಮೈ ಸಣ್ಣದು, ಅಂಗೈಯು ಬಿಳಿಚಿಕೊಂಡಿತ್ತು. ಅಳುತ್ತಿತ್ತು, ಆದರೆ ಅಳುವಿನಲ್ಲಿಯೂ ಬಲವಿರಲಿಲ್ಲ. ನಮ್ಮ ಮನೆಯವರು ವಿಚಾರಿಸಿದಾಗ ತಿಳಿದುದೇನೆಂದರೆ, ಮಗುವಿಗೆ ಒಂಬತ್ತು ತುಂಬಿ ಹತ್ತು ನಡೆಯುತ್ತಿದೆ. ಆರನೆಯ ತಿಂಗಳಲ್ಲಿ ಅನ್ನಪ್ರಾಶನಕ್ಕೆ ದಿನವಿಟ್ಟಾಗ ದಾಯಾದಿಗಳ ಮನೆಯಲ್ಲಿ ಸಾವಾಗಿ ಸೂತಕ ಬಂತು. ಎಂಟನೆಯ ತಿಂಗಳೆಂದರೆ ಧನುರ್ಮಾಸವಾಯಿತು. ಇನ್ನು ಮೂರು ವಾರಕ್ಕೆ, ಸೋದರಮಾವನು ಪರದೇಶದಿಂದ ಬಂದ ಮೇಲೆ, ಮನೆಯಲ್ಲಿ ಮುಹೂರ್ತವಿದೆ. ಅದುವರೆಗೆ ಎದೆಹಾಲು, ನೀರು ಬೆರಸಿದ ಹಸುವಿನ ಹಾಲು. ಎರಡು ತಿಂಗಳಿಂದ ತೂಕವು ಏರಿಲ್ಲವೆಂದು ಅಂಗನವಾಡಿಯ ಕಾರ್ಯಕರ್ತೆಯು ಚೀಟಿಯಲ್ಲಿ ಗೆರೆಯೆಳೆದು ತೋರಿಸಿದ್ದಳಂತೆ. ಅದಕ್ಕಾಗಿಯೇ ದೇವಿಗೆ ಹರಕೆಯನ್ನು ಸಲ್ಲಿಸಲು ಬಂದಿದ್ದರು.

ಸೊಸೆಯು ಮೆಲ್ಲನೆ, “ಸ್ವಲ್ಪ ಗಂಜಿಯನ್ನಾದರೂ ಕೊಡೋಣವೆಂದರೆ ಅತ್ತೆಯವರು ಒಪ್ಪುವುದಿಲ್ಲ” ಎಂದಳು. ಇದನ್ನು ಕೇಳಿ ಆ ತಾಯಿಯು ಸಿಟ್ಟಾಗಲಿಲ್ಲ, ನಮ್ಮ ಕಡೆಗೆ ತಿರುಗಿ, “ಮೇಷ್ಟ್ರೇ, ನಾನೇನು ಹಠಕ್ಕೆ ಹೇಳುವುದಿಲ್ಲ. ನನ್ನ ಚೊಚ್ಚಲು ಮಗನಿಗೆ ನಾಲ್ಕನೇ ತಿಂಗಳಿಗೇ ಅವರಿವರ ಮಾತು ಕೇಳಿ ಅನ್ನ ಇಟ್ಟೆವು. ಹದಿನೈದು ದಿವಸದಲ್ಲಿ ಭೇದಿ ಹತ್ತಿ ಹೋಗಿಬಿಟ್ಟ. ಅಂದಿನಿಂದ ಹೊತ್ತಿಗೆ ಮುಂಚೆ ಅನ್ನ ಅಂದರೆ ನನ್ನ ಕೈ ನಡುಗುತ್ತದೆ. ಇವನಿಗೆ ಎಲ್ಲ ಕ್ರಮವಾಗಿ ಆಗಲಿ ಅಂತ ಕಾದೆ” ಎಂದರು. ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಇಂಥ ಮಾತಿಗೆ ಶ್ಲೋಕವನ್ನು ಹೇಳಿ ಉತ್ತರಕೊಡುವುದು ಮನುಷ್ಯತ್ವವಲ್ಲ. ನಾವು ಇಷ್ಟನ್ನೇ ಹೇಳಿದೆವು: “ಅಮ್ಮಾ, ಆ ಮಗುವಿಗೆ ನೀವು ಕೇಡು ಬಯಸಲಿಲ್ಲ, ಅಂದು ಎಲ್ಲರೂ ಮಾಡುತ್ತಿದ್ದುದನ್ನೇ ಮಾಡಿದಿರಿ. ನಾಲ್ಕು ತಿಂಗಳೆಂದರೆ ಹೊತ್ತಿಗೆ ಮುಂಚೆಯೇ ಸರಿ. ಆ ವಯಸ್ಸಿನಲ್ಲಿ ಅನ್ನದೊಡನೆ ನೀರೂ ಕೈಯೂ ಪಾತ್ರೆಯೂ ಹೊಟ್ಟೆಯನ್ನು ಸೇರುವುವು. ನೀರು ಕೆಟ್ಟದ್ದಾದರೆ ಭೇದಿಯಾಗುವುದು. ಆದರೆ ಈ ಮಗುವಿಗೆ ಹೊತ್ತು ಮುಂಚೆಯಲ್ಲ, ಮೂರು ತಿಂಗಳು ಮೀರಿದೆ. ಮುಂಚೆ ಇಡುವುದರಲ್ಲಿ ಎಷ್ಟು ಭಯವುಂಟೋ, ಮೀರಿಸುವುದರಲ್ಲಿಯೂ ಅಷ್ಟೇ ಭಯವುಂಟು. ಸೂತಕವು ದಿನವೆಣಿಸಿ ಮುಗಿಯುವುದು, ಧನುರ್ಮಾಸವು ಕಳೆಯುವುದು. ಹಸಿವಿಗೆ ಮಾತ್ರ ಶೂನ್ಯಮಾಸವೆಂಬುದಿಲ್ಲ. ಮುಹೂರ್ತವು ಉತ್ಸವಕ್ಕೆ ಬೇಕು, ಪ್ರಸಾದಕ್ಕೆ ಬೇಡ. ನಾಳೆ ದೇವಿಯ ಪ್ರಸಾದವೆಂದು ಎರಡು ತುತ್ತು ಕೊಡಿ. ಮೂರು ವಾರದ ಮೇಲೆ ಸೋದರಮಾವನು ಬಂದಾಗ ಉತ್ಸವವನ್ನು ಮಾಡಿ.” ಅವರು ‘ಹೂಂ’ ಎನ್ನಲಿಲ್ಲ, ‘ಊಹೂಂ’ ಎನ್ನಲೂ ಇಲ್ಲ. ಮೊಮ್ಮಗನನ್ನು ಎತ್ತಿಕೊಂಡು ಒಳಕ್ಕೆ ಹೋದರು.

ಮಾರನೆಯ ದಿನ ನಮ್ಮ ಮೊಮ್ಮಗಳ ಅನ್ನಪ್ರಾಶನವಾಯಿತು. ಪೂಜೆಯಾದ ಮೇಲೆ ಅವಳನ್ನು ತಂದೆಯ ತೊಡೆಯ ಮೇಲೆ ಕೂರಿಸಿ, ಚೆನ್ನಾಗಿ ತೊಳೆದ ಬೆಳ್ಳಿಯ ಚಮಚದಿಂದ ನುಣ್ಣಗೆ ಹಿಚುಕಿದ ತುಪ್ಪದನ್ನವನ್ನು ನಾಲಿಗೆಗೆ ತಾಗಿಸಿದೆವು. ಮೊದಲು ಮುಖವನ್ನು ಸಿಂಡರಿಸಿದಳು. ಬಳಿಕ ಚಮಚವನ್ನೇ ಹಿಡಿದುಕೊಂಡಳು. ಗೃಹ್ಯಸೂತ್ರದಲ್ಲಿ ಮೊಸರು, ಜೇನು, ತುಪ್ಪಗಳನ್ನು ಬೆರಸಿ ಕೊಡುವ ಮಾತೂ ಇರುವುದು. ನಾವು ಜೇನನ್ನು ಬಿಟ್ಟೆವು. ಅದಕ್ಕೆ ಕಾರಣವುಂಟು. ಜೇನಿನಲ್ಲಿ ಕೆಲವು ವೇಳೆ ಒಂದು ಜಾತಿಯ ಬ್ಯಾಕ್ಟೀರಿಯದ ಬೀಜಗಳಿರುತ್ತವೆ. ದೊಡ್ಡವರ ಕರುಳಿನಲ್ಲಿ ಅವು ಬೆಳೆಯಲಾರವು, ಒಂದು ವರ್ಷದೊಳಗಿನ ಶಿಶುವಿನ ಕರುಳಿನಲ್ಲಿ ಬೆಳೆದು ವಿಷವನ್ನು ಹುಟ್ಟಿಸಬಲ್ಲವು. ಆಗ ಮಗುವಿನ ಅಂಗಾಂಗಗಳು ಜೋಲುಬಿದ್ದು ಉಸಿರಿಗೂ ತೊಂದರೆಯಾಗುವುದು. ಬಾಟುಲಿಸಂ ಎಂಬ ಈ ರೋಗವು ಶಿಶುಗಳಿಗೂ ಬರುವುದೆಂಬುದನ್ನು 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಂಡುಹಿಡಿದರು. ಸೂತ್ರಕಾರರಿಗೆ ತಿಳಿಯಲು ಸಾಧ್ಯವಿಲ್ಲದಿದ್ದುದು ನಮಗೆ ತಿಳಿದ ಮೇಲೆ ಅದನ್ನು ಅನುಸರಿಸುವುದರಿಂದ ಅವರಿಗೆ ಅಗೌರವವಾಗದು. ಕಾಯಿಸಿದರೂ ಸಾಮಾನ್ಯವಾಗಿ ಆ ಬೀಜಗಳು ಸಾಯವು; ಆದುದರಿಂದ ವರ್ಷ ತುಂಬುವವರೆಗೆ ಜೇನಿನ ಒಂದು ಬೆರಳೂ ಬೇಡ.

ನಾವು ಹೀಗೆ ಕುಳಿತಿರುವಾಗಲೇ ಆ ಕೊಪ್ಪದ ತಾಯಿಯು ಕೈಗಳನ್ನು ತೊಳೆದು ಬಂದು, ನಮ್ಮ ಮನೆಯವರನ್ನು ಕರೆದು, “ನಿಮ್ಮ ಹಾಗೆಯೇ ಹಿಚುಕಿ ಕೊಡಿ” ಎಂದು ಬಟ್ಟಲನ್ನು ಮುಂದಿಟ್ಟರು. ಸಾರು ಪಲ್ಯಗಳನ್ನು ಮುಟ್ಟಿಸದೆ, ಬರಿಯ ಅನ್ನಕ್ಕೆ ತುಪ್ಪವನ್ನು ಹಾಕಿ ಕಾಯಿಸಿದ ನೀರಿನಲ್ಲಿ ನುಣ್ಣಗೆ ಮಾಡಿಕೊಟ್ಟರು. ಮೊದಲ ತುತ್ತನ್ನು ಅಜ್ಜಿಯೇ ಇಟ್ಟರು. ಕೈ ನಡುಗುತ್ತಿತ್ತು. ಮಗುವು ನುಂಗಿ, ಬಾಯಿ ತೆರೆದು, ಮತ್ತೆ ಕೇಳಿತು. ಅವರು ಸೆರಗಿನಿಂದ ಕಣ್ಣನ್ನು ಒರಸಿಕೊಂಡು ಎರಡನೆಯದನ್ನು ಇಟ್ಟರು. ಊರಿಗೆ ಹೋದೊಡನೆ ಮಗುವನ್ನು ವೈದ್ಯರಿಗೆ ತೋರಿಸಿ ರಕ್ತವನ್ನು ಪರೀಕ್ಷಿಸಬೇಕೆಂದು ಮಗನಿಗೆ ಹೇಳಿ, ಅವನಿಂದ ಮಾತನ್ನು ತೆಗೆದುಕೊಂಡೆವು.

ಮೊದಲ ತುತ್ತಿನ ಮುಂದೇನೆಂಬುದು ಗೃಹಿಣಿಯರಿಗೆ ಮುಖ್ಯವಾದ ವಿಷಯವಾದ್ದರಿಂದ ಡಾಕ್ಟರು ನಮ್ಮ ಮಗಳಿಗೆ ಹೇಳಿಕೊಟ್ಟ ಕ್ರಮವನ್ನು ಬರೆಯುವೆವು. ಮೊದಲ ದಿನಗಳಲ್ಲಿ ಎರಡು ಮೂರು ಚಮಚ ಸಾಕು. ಒಂಬತ್ತು ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಮೂರು ಬಾರಿ, ಅನಂತರ ಮೂರು ನಾಲ್ಕು ಬಾರಿ; ಹೊತ್ತಿಗೆ ಅರ್ಧ ಬಟ್ಟಲಿನವರೆಗೆ ಮೆಲ್ಲಮೆಲ್ಲನೆ ಏರಿಸಬೇಕು. ಊಟವು ನೀರಾಗಿರಬಾರದು, ಚಮಚವನ್ನು ಓರೆಮಾಡಿದರೆ ಕೂಡಲೆ ಸುರಿದುಹೋಗದಷ್ಟು ಗಟ್ಟಿಯಾಗಿರಬೇಕು. ಶಿಶುವಿನ ಹೊಟ್ಟೆ ಚಿಕ್ಕದು. ತಿಳಿಗಂಜಿಯಿಂದ ತುಂಬಿದರೆ ಹೊಟ್ಟೆಯು ನೀರಿನಿಂದ ತುಂಬಿತೇ ಹೊರತು ಅನ್ನದಿಂದಲ್ಲ.

ಇಲ್ಲಿ ನಮ್ಮ ಹಳೆಯ ಮೈಸೂರಿನ ಅಜ್ಜಿಯರ ರಾಗಿ ಸರಿಯನ್ನು ನೆನೆಯಬೇಕು. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿಸಿಟ್ಟ ಹಿಟ್ಟು ಅದು. ಮೊಳಕೆಯೊಡೆಯುವಾಗ ಧಾನ್ಯದಲ್ಲಿ ಹುಟ್ಟುವ ಒಂದು ಪಾಚಕದ್ರವ್ಯವು ಹಿಟ್ಟಿನ ಅಂಟನ್ನು ಮುರಿಯುವುದು. ಆದ್ದರಿಂದ ಸರಿಯು ಮುದ್ದೆಗಟ್ಟದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುವುದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದಂಶವಿರುವುದು. ಅಕ್ಕಿಯಲ್ಲಿ ಅದು ಅತ್ಯಲ್ಪ. ಆದರೆ ಸರಿಯೊಂದನ್ನೇ ನಂಬಿ ಕೂರಲಾಗದು. ಅನ್ನಕ್ಕೆ ಬೇಯಿಸಿ ಮಸೆದ ಹೆಸರುಬೇಳೆ, ಸೊಪ್ಪು, ಕುಂಬಳ, ಗಜ್ಜರಿ, ಒಂದು ಚಮಚ ತುಪ್ಪ; ಪಕ್ವವಾದ ಬಾಳೆ, ಪರಂಗಿಹಣ್ಣು; ತಿನ್ನುವ ಮನೆಗಳಲ್ಲಿ ಚೆನ್ನಾಗಿ ಬೆಂದ ಮೊಟ್ಟೆ, ಮುಳ್ಳು ತೆಗೆದ ಮೀನು, ನುಣ್ಣಗೆ ಮಾಡಿದ ಮಾಂಸ, ಇವೆಲ್ಲವೂ ಬೇಕು. ಬೇಳೆ ಸೊಪ್ಪುಗಳ ಕಬ್ಬಿಣವು ಮೈಗೆ ಹತ್ತಲು ಹುಳಿಹಣ್ಣಿನ ರಸವು ಸಹಾಯಮಾಡುವುದು. ಆರು ತಿಂಗಳಾದ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಕೊಡುವ ಕಬ್ಬಿಣದ ದ್ರವವೂ ಸರ್ಕಾರದ ಯೋಜನೆಯಲ್ಲಿ ಉಂಟು. ಅದನ್ನು ಕೇಳಿ ಪಡೆಯಬೇಕು.

ವರ್ಷದೊಳಗೆ ಉಪ್ಪು ಸಕ್ಕರೆಗಳು ಬೇಡ. ಹಸುವಿನ ಹಾಲನ್ನು ಎದೆಹಾಲಿನ ಬದಲಾಗಿ ಕುಡಿಸುವುದೂ ಬೇಡ. ಇಡಿಯ ಕಡಲೆಬೀಜ, ಇಡಿಯ ದ್ರಾಕ್ಷಿ, ಗಟ್ಟಿ ಕ್ಯಾರೆಟ್ಟಿನ ತುಂಡು ಇವು ಗಂಟಲಿಗೆ ಸಿಕ್ಕಿಕೊಳ್ಳುವುವು. ಬಾಟಲಿಗಿಂತ ಬಟ್ಟಲು ಚಮಚಗಳೇ ಲೇಸು. ಅವನ್ನು ತೊಳೆದು ಕುದಿಸುವುದು ಸುಲಭ. ಅಟ್ಟದಲ್ಲಿರುವ ಹಳೆಯ ಒಳಲೆಯನ್ನು ಇಳಿಸುವವರು ಅದನ್ನು ಎತ್ತಿ ಗಂಟಲಿಗೆ ಸುರಿಯದಿರಲಿ. ಮಗುವನ್ನು ಕೂರಿಸಿ, ಅದು ಬಾಯಿ ತೆರೆದಾಗಲೇ ಉಣಿಸಬೇಕು. ಎದೆಹಾಲನ್ನು ಎರಡು ವರ್ಷ ಹಾಗೂ ಅದರ ಮೇಲೆಯೂ ಮುಂದುವರಿಸಬಹುದು. ಅನ್ನವು ಬಂದಿತೆಂದು ಹಾಲನ್ನು ಓಡಿಸಬೇಕಾಗಿಲ್ಲ.

ಹಿಂದಿರುಗುವಾಗ ದಾರಿಯ ಹಳ್ಳಿಯೊಂದರ ಅಂಗನವಾಡಿಯ ಮುಂದೆ ಮಾವಿನೆಲೆಯ ತೋರಣವನ್ನು ಕಂಡು ಇಳಿದೆವು. ಆ ದಿನ ಅಲ್ಲಿ ಅನ್ನಪ್ರಾಶನದ ದಿನವಂತೆ. ಆರು ತಿಂಗಳು ತುಂಬಿದ ನಾಲ್ಕು ಕೂಸುಗಳನ್ನು ಚಾಪೆಯ ಮೇಲೆ ಸಾಲಾಗಿ ಕೂರಿಸಿಕೊಂಡು ತಾಯಂದಿರು ಉಣಿಸುತ್ತಿದ್ದರು. ಕಾರ್ಯಕರ್ತೆಯು ಪ್ರತಿಯೊಬ್ಬರ ಕೈಯನ್ನೂ ಸಾಬೂನಿನಿಂದ ತೊಳೆಸಿದಳು. ನಾಲ್ವರಲ್ಲಿ ಒಬ್ಬಳು ತೋಟದ ಕೂಲಿಯವಳು, ಒಬ್ಬಳು ಮುಸಲ್ಮಾನರ ಮನೆಯವಳು. ಶಿಶು ಅಭಿವೃದ್ಧಿಯ ಈ ಯೋಜನೆಯು ದೇಶದಲ್ಲಿ 1975ನೆಯ ಅಕ್ಟೋಬರ್ 2ರಂದು ಆರಂಭವಾದಾಗ, ಕರ್ನಾಟಕದಲ್ಲಿ ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಈಗ ಹಳ್ಳಿಹಳ್ಳಿಗೂ ಅದು ತಲಪಿರುವುದು. ಹೊರನಾಡಿನ ಪಂಕ್ತಿಯ ಗುಣವನ್ನು ಈ ಚಾಪೆಯ ಮೇಲೆಯೂ ಕಂಡೆವು.

ತಿಂಗಳೊಪ್ಪತ್ತಿನ ಮೇಲೆ ಕೊಪ್ಪದಿಂದ ಆ ಮಗನು ಫೋನು ಮಾಡಿದನು. ರಕ್ತವು ಬಹಳ ಕಡಮೆಯಾಗಿದ್ದಿತೆಂದೂ, ವೈದ್ಯರು ಕಬ್ಬಿಣದ ಔಷಧವನ್ನು ಕೊಟ್ಟಿರುವರೆಂದೂ, ತೂಕವು ಏರತೊಡಗಿದೆಯೆಂದೂ ತಿಳಿಸಿದನು. ಮುಹೂರ್ತದ ದಿನ ಉತ್ಸವವೂ ನಡೆಯಿತಂತೆ. ಪುಸ್ತಕ, ಲೇಖನಿ, ಚಿನ್ನ, ಮಣ್ಣು ಇವುಗಳನ್ನು ಮಗುವಿನ ಮುಂದಿಟ್ಟು ಯಾವುದನ್ನು ಹಿಡಿಯುವುದೋ ನೋಡುವ ಪದ್ಧತಿಯಂತೆ ಎಲ್ಲವನ್ನೂ ಇಟ್ಟರೆ, ಅದು ಎಲ್ಲವನ್ನೂ ಬಿಟ್ಟು ಅಜ್ಜಿಯ ಕೈಯ ಬಟ್ಟಲಿನ ಕಡೆಗೆ ಅಂಬೆಗಾಲಿಟ್ಟಿತೆಂದು ಹೇಳಿ ನಕ್ಕನು.

ವಾಚಕ ಮಹಾಶಯರ ಮನೆಗಳಲ್ಲಿ ಹೊಸದಾಗಿ ತೊಟ್ಟಿಲು ಕಟ್ಟಿದ್ದರೆ, ಹೆಸರಿಡುವ ದಿನವೇ ಪಂಚಾಂಗವನ್ನು ತೆರೆದು, ಆರು ತಿಂಗಳು ತುಂಬುವ ದಿನಕ್ಕೆ ಕುಂಕುಮದಿಂದೊಂದು ಗುರುತನ್ನು ಹಾಕಿರಿ. ಆ ಸುಮಾರಿಗೆ ಒಳ್ಳೆಯ ಮುಹೂರ್ತವು ದೊರೆತು, ಹೊರನಾಡಿಗೋ ಮತ್ತೆಲ್ಲಿಗೋ ಹೋಗಿಬರಲಾದರೆ ಸಂತೋಷ. ದೊರೆಯದಿದ್ದರೆ, ಕೈ ತೊಳೆದು, ದೇವರಿಗೆ ದೀಪವನ್ನು ಹಚ್ಚಿ, ಆ ದಿನ ಮನೆಯ ಒಲೆಯ ಮೇಲೆ ಒಂದು ಹಿಡಿ ಅಕ್ಕಿಯನ್ನು ಹೆಚ್ಚಾಗಿ ಬೇಯಲಿಡಿರಿ.